ಒಬ್ಬ ರೋಗಿಗೆ ಎರಡು ಪುಸ್ತಕವೇಕೆ?

ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ ನಾವು ವೈದ್ಯರ ಕೈಗುಣವನ್ನು ವಿಚಾರಿಸುತ್ತೇವೆ. ಖರ್ಚು ಎಷ್ಟಾದೀತೆಂದು ವಿಚಾರಿಸುತ್ತೇವೆ. ಔಷಧಕ್ಕೆ ಪಥ್ಯವೇನೆಂಬುದನ್ನೂ ತಪ್ಪದೆ ಕೇಳುತ್ತೇವೆ. ಆದರೆ ನಮ್ಮ ಕಾಯಿಲೆಯ ವಿವರವನ್ನು ಆ ಚಿಕಿತ್ಸಾಲಯದಲ್ಲಿ ಯಾರು ಬರೆದಿಡುತ್ತಾರೆ, ಎಲ್ಲಿ ಇಡುತ್ತಾರೆ, ಮುಂದಿನ ಸಲ ಹೋದಾಗ ಅದು ವೈದ್ಯರ ಕೈಗೆ ಹೇಗೆ ಬರುತ್ತದೆ ಎಂಬುದನ್ನು ಕೇಳುವ ರೂಢಿ ನಮ್ಮಲ್ಲಿ ಇಲ್ಲ. ಈ ಪತ್ರಿಕೆಯ ಓದುಗ ಕುಟುಂಬಗಳಲ್ಲಿ ಸ್ವಂತ ಚಿಕಿತ್ಸಾಲಯ, ನರ್ಸಿಂಗ್ ಹೋಂ ನಡೆಸುವ ವೈದ್ಯರಿದ್ದಾರೆ; ಅಂಥಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರಿದ್ದಾರೆ; ಇವರೆಲ್ಲರಿಗಿಂತ ಹೆಚ್ಚಾಗಿ ಅಲ್ಲಿಗೆ ರೋಗಿಗಳಾಗಿ ಹೋಗಿ ಬರುವವರಿದ್ದಾರೆ. ಈ ಮೂವರಿಗೂ ಸಂಬಂಧಿಸಿದ ಸಂಗತಿಯೊಂದನ್ನು ಈ ತಿಂಗಳು ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಎರಡು ಪುಸ್ತಕಗಳು

ಯಾವುದೇ ಚಿಕಿತ್ಸಾಲಯಕ್ಕೆ ಹೋದರೂ ರೋಗಿಯ ವಿಷಯ ಎರಡು ಕಡೆ ಬರೆಯಲ್ಪಡುತ್ತದೆ. ಹೊರಗಿನ ಕೌಂಟರಿನಲ್ಲಿ ಹೆಸರು, ವಯಸ್ಸು, ಊರು, ದೂರವಾಣಿ ಸಂಖ್ಯೆ, ಟೋಕನ್, ಕಟ್ಟಿದ ಶುಲ್ಕ, ಮತ್ತೆ ಬರಬೇಕಾದ ದಿನ ಇವುಗಳ ಲೆಕ್ಕವಿರುತ್ತದೆ. ಒಳಗಿನ ಕೋಣೆಯಲ್ಲಿ ರೋಗಿಯ ದೂರು, ವೈದ್ಯರು ಪರೀಕ್ಷಿಸಿ ಕಂಡದ್ದು, ರಕ್ತದೊತ್ತಡ, ರಕ್ತಪರೀಕ್ಷೆಯ ಫಲಿತಾಂಶ, ಕೊಟ್ಟ ಔಷಧ, ಮೈಗೆ ಒಗ್ಗದ ಔಷಧ ಇವುಗಳ ವಿವರವಿರುತ್ತದೆ. ಮೊದಲನೆಯದು ಆಡಳಿತದ ಪುಸ್ತಕ, ಎರಡನೆಯದು ಕಾಯಿಲೆಯ ಪುಸ್ತಕ. ಹಿಂದೆ ಇವೆರಡೂ ಕಾಗದದಲ್ಲಿದ್ದವು. ಈಗ ಬಹಳ ಕಡೆ ಎರಡೂ ಗಣಕಯಂತ್ರವನ್ನು ಸೇರಿವೆ. ಆದರೆ ಸೇರಿದ್ದು ಒಂದೇ ಕಾಲದಲ್ಲಲ್ಲ, ಒಂದೇ ತಂತ್ರಾಂಶಕ್ಕೂ ಅಲ್ಲ. ಹೀಗಾಗಿ ಕಾಗದದ ಕಾಲದ ಗೋಡೆ ಯಂತ್ರದೊಳಗೂ ಹಾಗೆಯೇ ಉಳಿದುಕೊಂಡಿದೆ.

ಇದಕ್ಕೆ ಕಾರಣವೂ ಉಂಟು. ಹಣದ ಲೆಕ್ಕವನ್ನು ಅಂಕಿಗಳಲ್ಲಿ ಹಿಡಿಯುವುದು ಸುಲಭ; ಕಾಯಿಲೆಯನ್ನು ಹಿಡಿಯುವುದು ಕಷ್ಟ. ಅಮೆರಿಕದಲ್ಲಿಯೂ ಹೀಗೆಯೇ ಆಯಿತು. ಅಲ್ಲಿಯ ವೈದ್ಯರು ವಿಮಾ ಕಂಪನಿಗಳಿಗೆ ಬಿಲ್ಲು ಕಳುಹಿಸಿ ಹಣ ಪಡೆಯಬೇಕಾಗಿದ್ದುದರಿಂದ ಬಿಲ್ಲಿನ ತಂತ್ರಾಂಶಗಳು ಮೊದಲು ಹರಡಿದವು. ರೋಗದಾಖಲೆಯ ತಂತ್ರಾಂಶಗಳು ಸಣ್ಣ ಚಿಕಿತ್ಸಾಲಯಗಳಿಗೂ ವ್ಯಾಪಕವಾಗಿ ಬಂದದ್ದು 2009ರ ಹೈಟೆಕ್ ಕಾಯ್ದೆಯ ಮೂಲಕ ಅಲ್ಲಿಯ ಸರ್ಕಾರ ಪ್ರೋತ್ಸಾಹಧನ ಕೊಡಲಾರಂಭಿಸಿದ ಮೇಲೆ. ಒಂದು ಕಂಪನಿಯಿಂದ ಬಿಲ್ಲಿನದು, ಇನ್ನೊಂದು ಕಂಪನಿಯಿಂದ ರೋಗದಾಖಲೆಯದು ಎಂದು ಕೊಂಡವರು ಬಳಿಕ ಅವೆರಡನ್ನೂ ಕೂಡಿಸಲು ಹೆಣಗಬೇಕಾಯಿತು. ನಮ್ಮ ಊರುಗಳ ನರ್ಸಿಂಗ್ ಹೋಂಗಳು ಇಂದು ನಿಂತಿರುವುದೂ ಆ ಮೆಟ್ಟಿಲಿನ ಮೇಲೆಯೇ.

ಬಾರದೆ ಉಳಿದವರು

ಪುಸ್ತಕ ಎರಡಾದರೆ ಹಾನಿಯೇನು ಎಂದು ಕೇಳಬಹುದು. ಒಂದೇ ಹೆಸರನ್ನು ಎರಡು ಸಲ ಬರೆಯುವ ಶ್ರಮ ಎಲ್ಲರಿಗೂ ಕಾಣುತ್ತದೆ. ಬರೆಯುವಾಗ ಒಂದು ಕಡೆ ಒಂದು ಅಕ್ಷರ, ಇನ್ನೊಂದು ಕಡೆ ಮತ್ತೊಂದು ಅಕ್ಷರವಾಗುವುದೂ ಕಾಣುತ್ತದೆ. ಇದಕ್ಕಿಂತ ದೊಡ್ಡ ಹಾನಿ ಕಣ್ಣಿಗೆ ಬೀಳುವುದಿಲ್ಲ.

ಮೂತ್ರಪಿಂಡದ ತೊಂದರೆಯಿರುವ ಹಿರಿಯರೊಬ್ಬರನ್ನು ಊಹಿಸಿಕೊಳ್ಳಿ. ಆ ಸಂಗತಿ ವೈದ್ಯರ ಕೋಣೆಯ ದಾಖಲೆಯಲ್ಲಿದೆ. ಅವರು ಮಂಡಿನೋವಿಗೆಂದು ಅದೇ ಕಟ್ಟಡದ ಔಷಧದ ಅಂಗಡಿಯಲ್ಲಿ ಆಗಾಗ ಐಬುಪ್ರೊಫೆನ್ ಗುಳಿಗೆ ಕೊಳ್ಳುತ್ತಿದ್ದಾರೆ. ಆ ಸಂಗತಿ ಬಿಲ್ಲಿನ ಲೆಕ್ಕದಲ್ಲಿದೆ. ಇಂಥ ನೋವಿನ ಗುಳಿಗೆಗಳು ದುರ್ಬಲವಾದ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸಬಲ್ಲವೆಂಬುದು ವೈದ್ಯರಿಗೆ ತಿಳಿದದ್ದೇ. ಆದರೆ ಎರಡು ಸಂಗತಿಗಳೂ ಒಂದೇ ಕಣ್ಣಿಗೆ ಬೀಳದಿದ್ದರೆ ತಡೆಯುವವರು ಯಾರು?

ಇನ್ನೊಂದು ಉದಾಹರಣೆ. ತಾಯಿಯೊಬ್ಬರ ಎದೆಯ ಗಂಟಿನ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಿದ್ದಾರೆ. ಹತ್ತು ದಿನಗಳ ನಂತರ ಬರಲು ಹೇಳಿದ್ದಾರೆ. ವರದಿ ಬಂದು ವೈದ್ಯರ ದಾಖಲೆಯನ್ನು ಸೇರಿತು. ಅದರಲ್ಲಿರುವುದು ಒಳ್ಳೆಯ ಸುದ್ದಿಯಲ್ಲ. ಇತ್ತ ಆ ತಾಯಿ ಹೇಳಿದ ದಿನಕ್ಕೆ ಬರಲಿಲ್ಲ. ಮಗಳ ಬಾಣಂತನವೋ, ಸುಗ್ಗಿಯೋ, ಭಯವೋ, ಏನೋ ಒಂದು ಅಡ್ಡಿ. ಅವರು ಬರಲಿಲ್ಲವೆಂಬುದು ಕೌಂಟರಿನ ಪುಸ್ತಕಕ್ಕೆ ಗೊತ್ತು. ಬರಲೇಬೇಕಾಗಿತ್ತೆಂಬುದು ಒಳಗಿನ ಪುಸ್ತಕಕ್ಕೆ ಗೊತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮಾತ್ರ ತಿಳಿಯುವುದು, ಈ ತಾಯಿಗೆ ಇಂದೇ ಹೇಳಿಕಳುಹಿಸಬೇಕೆಂದು. ಆರು ತಿಂಗಳು ಬಿಡದೆ ನುಂಗಬೇಕಾದ ಕ್ಷಯರೋಗದ ಔಷಧವನ್ನು ಎರಡೇ ತಿಂಗಳಿಗೆ ನಿಲ್ಲಿಸಿದವರು, ಬಸುರಿನಲ್ಲಿ ರಕ್ತದೊತ್ತಡ ಏರಿಯೂ ಮುಂದಿನ ತಪಾಸಣೆಗೆ ಬಾರದವರು, ಸಕ್ಕರೆ ಕಾಯಿಲೆಯಿಂದ ಕಾಲಿಗೆ ಹುಣ್ಣಾಗಿ ಕಟ್ಟು ಬದಲಿಸಿಕೊಳ್ಳಲು ಬಾರದವರು, ಎಲ್ಲರೂ ಈ ಪಟ್ಟಿಗೆ ಸೇರಿದವರೇ. ಬಂದವರನ್ನು ನೋಡಿಕೊಳ್ಳಲು ಎರಡು ಪುಸ್ತಕಗಳಿದ್ದರೂ ಹೇಗೋ ನಡೆದೀತು. ಬಾರದೆ ಉಳಿದವರನ್ನು ಕಾಣಬೇಕಾದರೆ ಪುಸ್ತಕ ಒಂದಾಗಲೇಬೇಕು. ದಾಖಲೆಗಳನ್ನು ಕೂಡಿಸುವುದರ ಮುಖ್ಯ ಫಲ ಇದೇ ಎಂಬುದು ನಮ್ಮ ಅಭಿಪ್ರಾಯ. ಸಮಯದ ಉಳಿತಾಯ, ಗುಮಾಸ್ತರ ಸಂಬಳದ ಉಳಿತಾಯ ಇವೆಲ್ಲ ಆಮೇಲಿನ ಮಾತು.

ಹಳೆಯ ಪಾಠ

ಈ ವಿಚಾರ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್ ಊರಿನಲ್ಲಿರುವ ಮೇಯೋ ಕ್ಲಿನಿಕ್ ಇಂದು ಜಗತ್ಪ್ರಸಿದ್ಧ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಒಬ್ಬೊಬ್ಬ ವೈದ್ಯರೂ ತಮ್ಮದೇ ದಪ್ಪ ಲೆಡ್ಜರಿನಲ್ಲಿ ತಾವು ಕಂಡ ರೋಗಿಗಳ ವಿಷಯ ಬರೆದಿಡುತ್ತಿದ್ದರು. ಒಬ್ಬನೇ ರೋಗಿ ಮೂವರು ವೈದ್ಯರನ್ನು ಕಂಡರೆ ಅವನ ಕಥೆ ಮೂರು ಲೆಡ್ಜರುಗಳಲ್ಲಿ ಹಂಚಿಹೋಗುತ್ತಿತ್ತು. 1901ರಲ್ಲಿ ಅಲ್ಲಿ ಸೇರಿದ ಡಾ. ಹೆನ್ರಿ ಪ್ಲಮರ್ ಎಂಬ ವೈದ್ಯರು 1907ರಲ್ಲಿ ಈ ಪದ್ಧತಿಯನ್ನು ಬದಲಿಸಿದರು. ರೋಗಿಗೊಂದು ಸಂಖ್ಯೆ, ಆ ಸಂಖ್ಯೆಗೆ ಒಂದೇ ಕಡತ. ಯಾವ ವೈದ್ಯರು ನೋಡಿದರೂ, ಯಾವ ಪರೀಕ್ಷೆಯಾದರೂ ಆ ಕಡತದೊಳಗೇ ಸೇರಬೇಕು ಎಂಬ ನಿಯಮ ಬಂದಿತು. ಕಡತಗಳು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಬೇಗ ತಲುಪಲೆಂದು ಗಾಳಿಯ ಒತ್ತಡದ ಕೊಳವೆಗಳನ್ನೂ ಎತ್ತುಗಗಳನ್ನೂ ಮುಂದಿನ ಕಟ್ಟಡಗಳಲ್ಲಿ ಅಳವಡಿಸಿದರು. 1968ರಲ್ಲಿ ಲಾರೆನ್ಸ್ ವೀಡ್ ಎಂಬ ಇನ್ನೊಬ್ಬ ಅಮೆರಿಕನ್ ವೈದ್ಯರು ಕಡತದ ಮೊದಲಲ್ಲೇ ರೋಗಿಯ ಎಲ್ಲ ಸಮಸ್ಯೆಗಳ ಪಟ್ಟಿಯಿರಬೇಕು, ಪ್ರತಿ ಟಿಪ್ಪಣಿಯೂ ಆ ಪಟ್ಟಿಯ ಒಂದು ಸಮಸ್ಯೆಗೆ ಹೊಂದಿಕೊಂಡಿರಬೇಕು ಎಂದು ಪ್ರತಿಪಾದಿಸಿದರು. ಯಂತ್ರ ಬರುವುದಕ್ಕೆ ಮೊದಲೇ ಕ್ರಮ ಬಂದಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಕ್ರಮವಿಲ್ಲದ ಚಿಕಿತ್ಸಾಲಯ ಎಷ್ಟು ದುಬಾರಿಯ ತಂತ್ರಾಂಶ ಕೊಂಡರೂ ಅದರ ದಾಖಲೆ ನೆಟ್ಟಗಾಗದು.

ಕೂಡಿಸುವ ಎರಡು ದಾರಿ

ಇಂದು ಕೂಡಿಸಹೊರಟವರ ಮುಂದೆ ಎರಡು ದಾರಿಗಳಿವೆ. ಒಂದು, ಎರಡೂ ಭಾಗಗಳಿರುವ ಒಂದೇ ತಂತ್ರಾಂಶವನ್ನು ಕೊಂಡು ಹಳೆಯ ಎರಡನ್ನೂ ಅದಕ್ಕೆ ಸಾಗಿಸುವುದು. ಇನ್ನೊಂದು, ಎರಡನ್ನೂ ಹಾಗೆಯೇ ಉಳಿಸಿಕೊಂಡು ನಡುವೆ ಸೇತುವೆ ಕಟ್ಟುವುದು. ಸೇತುವೆಯ ಮೇಲೆ ಕೌಂಟರಿನಿಂದ ಒಳಗೆ ರೋಗಿಯ ಹೆಸರು, ವಯಸ್ಸು, ಭೇಟಿಯ ವೇಳೆ ಹೋಗುತ್ತವೆ. ಒಳಗಿನಿಂದ ಹೊರಗೆ ಮಾಡಿದ ಚಿಕಿತ್ಸೆಯ ಶುಲ್ಕ, ಮತ್ತೆ ಬರಬೇಕಾದ ದಿನ ಬರುತ್ತವೆ. ಬೇರೆ ಬೇರೆ ತಂತ್ರಾಂಶಗಳು ಪರಸ್ಪರ ಅರ್ಥಮಾಡಿಕೊಳ್ಳುವ ಸಾಮಾನ್ಯ ಭಾಷೆಯೊಂದನ್ನು ರೂಪಿಸಲೆಂದು 1987ರಲ್ಲಿ ಎಚ್‌ಎಲ್7 ಎಂಬ ಸಂಸ್ಥೆ ಹುಟ್ಟಿತು. ಅದೇ ಸಂಸ್ಥೆಯ ಹೊಸ ಮಾನದಂಡವಾದ ಫೈರ್ ಎಂಬುದನ್ನು ನಮ್ಮ ದೇಶದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೂಡ ಬಳಸುತ್ತಿದೆ. ಕೊಳ್ಳುವ ಮೊದಲು ಮಾರುವವರನ್ನು, ನಿಮ್ಮ ತಂತ್ರಾಂಶ ಈ ಭಾಷೆಯನ್ನು ಆಡಬಲ್ಲದೇ ಎಂದು ಕೇಳಬೇಕು. ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ರೋಗಿಗಳ ದಾಖಲೆಗಳನ್ನು ಇನ್ನೊಂದು ತಂತ್ರಾಂಶ ಓದುವಂತೆ ನಮಗೆ ಮರಳಿಸುವಿರಾ ಎಂದೂ ಕೇಳಿ, ಉತ್ತರವನ್ನು ಕರಾರುಪತ್ರದಲ್ಲಿ ಬರೆಸಿಕೊಳ್ಳಬೇಕು.

ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಮೊದಲು ತೀರ್ಮಾನವಾಗಬೇಕಾದದ್ದು ಒಂದಿದೆ: ರೋಗಿಯ ಹೆಸರು, ವಯಸ್ಸು, ವಿಳಾಸಗಳ ವಿಷಯದಲ್ಲಿ ಯಾವ ಪುಸ್ತಕದ ಮಾತು ಕೊನೆಯ ಮಾತು? ಸಾಮಾನ್ಯವಾಗಿ ಕೌಂಟರಿನದೇ ಆಗಿರುವುದು ಲೇಸು. ಎರಡು ಕಡೆಯೂ ತಿದ್ದಲು ಬಿಟ್ಟರೆ ಇಂದು ಸರಿಪಡಿಸಿದ್ದು ನಾಳೆ ಮತ್ತೆ ಕೆಡುತ್ತದೆ.

ನಮ್ಮ ಹೆಸರುಗಳ ತೊಡಕು

ಕೂಡಿಸುವ ಕಾರ್ಯದಲ್ಲಿ ಅತಿ ಕಷ್ಟದ ಭಾಗ ಈ ಪುಸ್ತಕದ ವ್ಯಕ್ತಿಯೂ ಆ ಪುಸ್ತಕದ ವ್ಯಕ್ತಿಯೂ ಒಬ್ಬರೇ ಎಂದು ಗುರುತಿಸುವುದು. ನಮ್ಮ ನಾಡಿನಲ್ಲಿ ಇದರ ತೊಡಕು ಇನ್ನೂ ಹೆಚ್ಚು. ಒಂದೇ ಊರಿನಲ್ಲಿ ಬಸವರಾಜ ಎಂಬ ಹೆಸರಿನವರು ಎಷ್ಟು ಮಂದಿ! ಗಂಗಮ್ಮ, ಮಲ್ಲಮ್ಮ, ಪಾರ್ವತಮ್ಮ ಎಂಬವರು ಎಷ್ಟು ಮಂದಿ! ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ಸಂಪ್ರದಾಯ ಬೇರೆ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಕೊನೆಯ ಅಕಾರವನ್ನು ಒಬ್ಬರು ಬರೆದರೆ ಮತ್ತೊಬ್ಬರು ಬಿಡುತ್ತಾರೆ. ವಕಾರಕ್ಕೆ ಒಬ್ಬರು ಒಂದು ಅಕ್ಷರ, ಇನ್ನೊಬ್ಬರು ಮತ್ತೊಂದು ಅಕ್ಷರ ಹಾಕುತ್ತಾರೆ. ಹಳೆಯ ಮೈಸೂರಿನ ಕಡೆ ತಂದೆಯ ಹೆಸರೂ ಊರಿನ ಹೆಸರೂ ಇನಿಷಿಯಲ್ಲಾಗಿ ಮುಂದೆ ನಿಲ್ಲುತ್ತವೆ; ಉತ್ತರ ಕರ್ನಾಟಕದಲ್ಲಿ ಪಾಟೀಲ, ಹಿರೇಮಠ, ಅಂಗಡಿ ಎಂದು ಮನೆತನದ ಹೆಸರು ಕೊನೆಗೆ ಬರುತ್ತದೆ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರು ಬದಲಾಗುವುದೂ ಉಂಟು.

ಜನ್ಮದಿನಾಂಕವನ್ನಾದರೂ ನಂಬೋಣವೆಂದರೆ, ನಮ್ಮ ಹಿರಿಯರಲ್ಲಿ ಅನೇಕರ ಜನ್ಮದಿನ ಜೂನ್ 1! ಶಾಲೆಗೆ ಸೇರಿಸಿಕೊಂಡಾಗ ಮೇಷ್ಟರು ಬರೆದ ತಾರೀಖು ಅದು. ವಯಸ್ಸನ್ನು ಮಾತ್ರ ಹೇಳಿದರೆ ಜನವರಿ 1 ಎಂದು ತಾನೇ ತುಂಬಿಕೊಳ್ಳುವ ತಂತ್ರಾಂಶಗಳೂ ಇವೆ. ದೂರವಾಣಿ ಸಂಖ್ಯೆಯನ್ನು ನಂಬೋಣವೆಂದರೆ, ತಾಯಿ, ತಂದೆ, ಸೊಸೆ, ಮೊಮ್ಮಕ್ಕಳು ಎಲ್ಲರಿಗೂ ಮನೆಯ ಮಗನ ಒಂದೇ ಸಂಖ್ಯೆಯನ್ನು ಕೊಟ್ಟಿರುತ್ತಾರೆ.

ಇಲ್ಲಿ ಎರಡು ಬಗೆಯ ತಪ್ಪುಗಳಾಗಬಹುದು. ಒಬ್ಬರ ವಿವರ ಎರಡು ಕಡತಗಳಲ್ಲಿ ಉಳಿಯಬಹುದು. ಇಬ್ಬರ ವಿವರ ಒಂದೇ ಕಡತದಲ್ಲಿ ಬೆರೆಯಬಹುದು. ಮೊದಲನೆಯದರಿಂದ ಮಾಹಿತಿ ಕೊರತೆಯಾಗುತ್ತದೆ. ಎರಡನೆಯದು ಇನ್ನೂ ಅಪಾಯಕರ. ಪೆನಿಸಿಲಿನ್ ಒಗ್ಗದವರ ಕಡತದಲ್ಲಿ ಅದು ಒಗ್ಗುವವರ ವಿವರ ಸೇರಿಕೊಂಡರೆ ಜೀವಕ್ಕೇ ಸಂಚಕಾರ. ಬೆರೆತ ಮೇಲೆ ಯಾವ ಸಾಲು ಯಾರದೆಂದು ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ಹೆಸರು, ಜನ್ಮದಿನಾಂಕ, ತಂದೆಯ ಅಥವಾ ಗಂಡನ ಹೆಸರು, ಊರು, ದೂರವಾಣಿ ಎಲ್ಲವೂ ಹೊಂದಿಕೊಂಡಾಗ ಮಾತ್ರ ಒಂದಾಗಿಸಬೇಕು. ಸಂಶಯವಿದ್ದಲ್ಲಿ ಪ್ರತ್ಯೇಕವಾಗಿಯೇ ಬಿಟ್ಟು, ರೋಗಿ ಮುಂದಿನ ಸಲ ಬಂದಾಗ ಕೇಳಿ ಖಚಿತಪಡಿಸಿಕೊಳ್ಳಬೇಕು. ಕೇಳುವುದಕ್ಕೂ ಒಂದು ಕ್ರಮವುಂಟು. "ನೀವು ಗಂಗಮ್ಮನವರಲ್ಲವೇ?" ಎಂದರೆ ಕಿವಿ ಮಂದವಾದ ಹಿರಿಯರು ಯಾರೇ ಆದರೂ "ಹೌದು" ಎಂದುಬಿಡುತ್ತಾರೆ. "ಅಮ್ಮಾ, ತಮ್ಮ ಹೆಸರೇನು? ಯಾವ ಊರು?" ಎಂದು ಅವರ ಬಾಯಿಂದಲೇ ಹೇಳಿಸಬೇಕು. ಹತ್ತಾರು ವರ್ಷ ಕೌಂಟರಿನಲ್ಲಿ ಕುಳಿತು ಮುಖ ನೋಡಿದೊಡನೆ ಮನೆತನ ಹೇಳಬಲ್ಲ ಹಳೆಯ ಗುಮಾಸ್ತರಿದ್ದರೆ ಈ ಕಾರ್ಯದಲ್ಲಿ ಮೊದಲಿನಿಂದಲೂ ಅವರನ್ನು ಜೊತೆಗಿಟ್ಟುಕೊಳ್ಳಬೇಕು. ಅವರಿಗಿರುವ ತಿಳಿವಳಿಕೆ ಯಾವ ತಂತ್ರಾಂಶದಲ್ಲಿಯೂ ದೊರೆಯದು.

ಸಾಗಿಸುವ ದಿನಗಳು

ಹಳೆಯ ದಾಖಲೆಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಹೊಸದಕ್ಕೆ ತುಂಬಿಸುವ ಆತುರ ಸಲ್ಲದು. ಮೈಗೆ ಒಗ್ಗದ ಔಷಧ, ಈಗ ನುಂಗುತ್ತಿರುವ ಔಷಧ, ದೀರ್ಘಕಾಲದ ಕಾಯಿಲೆ, ಇತ್ತೀಚಿನ ಪರೀಕ್ಷೆಯ ಫಲಿತಾಂಶ, ಮತ್ತೆ ಬರಬೇಕಾದ ದಿನ, ಈ ಐದನ್ನು ಮೊದಲು ಕೊಂಡೊಯ್ದು ಒಂದೊಂದನ್ನೂ ಪರಿಶೀಲಿಸಬೇಕು. ಹಳೆಯ ಟಿಪ್ಪಣಿಗಳನ್ನು ಚಿತ್ರರೂಪದಲ್ಲಿ ಜೋಡಿಸಿಟ್ಟರೆ ಸಾಕು. ಹಣದ ಲೆಕ್ಕವನ್ನು ತಿಂಗಳ ಕೊನೆಗೋ ಮಾರ್ಚ್ 31ಕ್ಕೋ ಹಳೆಯದರಲ್ಲಿಯೇ ಮುಗಿಸಿ ಬಾಕಿಯನ್ನು ಮಾತ್ರ ಮುಂದಕ್ಕೆ ತರುವುದು ಸುಲಭ. ಬದಲಾವಣೆಯ ಮೊದಲ ವಾರ ರೋಗಿಗಳಿಗೆ ಕೊಡುವ ಟೋಕನ್ನುಗಳನ್ನು ಅರ್ಧಕ್ಕಿಳಿಸಿದರೆ ಗಡಿಬಿಡಿ ತಪ್ಪುತ್ತದೆ. ಹಳೆಯ ಹಾಗೂ ಹೊಸ ದಾಖಲೆಗಳಿಂದ ಐವತ್ತು ಕಡತಗಳನ್ನು ಆರಿಸಿ, ವೈದ್ಯರೇ ಕುಳಿತು ಸಾಲುಸಾಲಾಗಿ ಹೋಲಿಸಿ ನೋಡಬೇಕು. ನಕಲು ಪ್ರತಿ ಇದೆಯೆಂದು ಮಾರುವವರು ಹೇಳಿದರೆ ಸಾಲದು. ಅದರಿಂದ ದಾಖಲೆ ಮರಳಿ ಬರುತ್ತದೆಯೇ ಎಂದು ಒಮ್ಮೆ ತೆಗೆಸಿ ನೋಡಬೇಕು. ಹಳೆಯ ತಂತ್ರಾಂಶವನ್ನು ಅಳಿಸದೆ, ತಿದ್ದಲಾಗದಂತೆ ಮಾಡಿ, ಓದುವುದಕ್ಕಷ್ಟೇ ಉಳಿಸಿಕೊಳ್ಳಬೇಕು. ಕರೆಂಟು ಹೋದ ದಿನ ಬರೆಯಲು ಮುದ್ರಿತ ಹಾಳೆಗಳು ಮೇಜಿನಲ್ಲಿರಬೇಕು.

ಗುಟ್ಟಿನ ಮಾತು

ಎರಡು ಪುಸ್ತಕಗಳಿದ್ದಾಗ ಒಂದು ಉಪಕಾರವೂ ಇತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಕೌಂಟರಿನವರಿಗೆ ಕಾಯಿಲೆ ಯಾವುದೆಂದು ತಿಳಿಯುತ್ತಿರಲಿಲ್ಲ. ಕೂಡಿಸಿದ ಮೇಲೆ ಆ ಗೋಡೆ ಬೀಳುತ್ತದೆ; ಬುದ್ಧಿಪೂರ್ವಕವಾಗಿ ಮತ್ತೆ ಕಟ್ಟದಿದ್ದರೆ ಎಲ್ಲವೂ ಎಲ್ಲರಿಗೂ ಕಾಣುತ್ತದೆ. ಸಣ್ಣ ಊರುಗಳಲ್ಲಿ ಕೌಂಟರಿನಲ್ಲಿ ಕುಳಿತವರು ನಮ್ಮ ಓಣಿಯವರೇ ಆಗಿರುತ್ತಾರೆ, ಕೆಲವೊಮ್ಮೆ ನೆಂಟರೂ ಆಗಿರುತ್ತಾರೆ. ಮಗಳು ಹಿಂದೊಮ್ಮೆ ಮೂರ್ಛೆರೋಗಕ್ಕೋ ಮನಸ್ಸಿನ ಖಿನ್ನತೆಗೋ ಔಷಧ ತೆಗೆದುಕೊಂಡಿದ್ದಳೆಂಬ ಒಂದು ಮಾತು ಹೊರಬಿದ್ದರೆ ಕೂಡಿಬಂದ ಸಂಬಂಧ ಮುರಿದುಬೀಳುವುದನ್ನು ನಾವೆಲ್ಲ ಬಲ್ಲೆವು. ಹಾಗಾಗಬಾರದೆಂಬುದು ನಿಜ, ಆದರೆ ಆಗುತ್ತಿದೆಯೆಂಬುದೂ ನಿಜ. ಇದಕ್ಕೆ ಹೆದರಿ ಚಿಕಿತ್ಸೆಯಿಂದಲೇ ದೂರ ಉಳಿಯುವ ಮನೆಗಳೂ ಇವೆ.

ಆದ್ದರಿಂದ ಪ್ರತಿಯೊಬ್ಬ ಸಿಬ್ಬಂದಿಗೂ ಪ್ರತ್ಯೇಕ ಗುಪ್ತಪದವಿರಬೇಕು. ಅವರವರ ಕೆಲಸಕ್ಕೆ ಬೇಕಾದಷ್ಟೇ ಅವರವರಿಗೆ ಕಾಣಬೇಕು. ಯಾರು ಯಾವಾಗ ಯಾರ ಕಡತ ತೆರೆದರೆಂಬುದು ತಾನೇ ದಾಖಲಾಗಬೇಕು. ಬಾರದೆ ಉಳಿದವರನ್ನು ಕರೆಯುವ ಗುಮಾಸ್ತರಿಗೆ "ಇವರು ಬರಬೇಕು" ಎಂಬುದಷ್ಟು ತಿಳಿದರೆ ಸಾಕು, ಏಕೆ ಬರಬೇಕೆಂಬುದು ವೈದ್ಯರಿಗೇ ಇರಲಿ. ಮನೆಯವರೆಲ್ಲರ ಕೈಗೆ ಸಿಗುವ ದೂರವಾಣಿಗೆ ಸಂದೇಶ ಕಳುಹಿಸುವಾಗ ಕಾಯಿಲೆಯ ಹೆಸರನ್ನಾಗಲಿ ಪರೀಕ್ಷೆಯ ಹೆಸರನ್ನಾಗಲಿ ಬರೆಯಕೂಡದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆಯ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ದಾಖಲೆಗಳನ್ನು ಗಣಕಯಂತ್ರಕ್ಕೆ ಸೇರಿಸಲು ಪ್ರಯತ್ನಿಸಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಕೇಂದ್ರ ಆರೋಗ್ಯ ಸಚಿವಾಲಯ ವಿದ್ಯುನ್ಮಾನ ದಾಖಲೆಗಳ ಮಾನದಂಡಗಳನ್ನು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಕಾಯ್ದೆಯಾಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಡಿಜಿಟಲ್ ಮಿಷನ್ ಬೇಕೆಂದವರಿಗೆ ಆಭಾ ಎಂಬ 14 ಅಂಕಿಗಳ ಆರೋಗ್ಯಸಂಖ್ಯೆಯನ್ನು ಕೊಡುತ್ತಿದೆ. ಪ್ಲಮರ್ ಅವರು ಒಂದು ಆಸ್ಪತ್ರೆಯೊಳಗೆ ಮಾಡಿದ್ದನ್ನು ದೇಶದ ಆಸ್ಪತ್ರೆಗಳ ನಡುವೆ ಮಾಡುವ ಯತ್ನವಿದು. ನಾವು ಸಮ್ಮತಿಸಿದರೆ ಮಾತ್ರ ದಾಖಲೆ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಬೇಕೆಂಬುದು ಅದರ ನಿಯಮ. ಸಮ್ಮತಿ ಕೇಳಿದಾಗ ಓದದೆ ಒಪ್ಪಿಗೆ ಒತ್ತುವ ಅಭ್ಯಾಸವನ್ನು ನಾವು ಬಿಡಬೇಕು.

ಮನೆಯವರು ಮಾಡಬೇಕಾದದ್ದು

ಎಲ್ಲವನ್ನೂ ಚಿಕಿತ್ಸಾಲಯದವರ ಮೇಲೆ ಹೊರಿಸಿ ನಾವು ಸುಮ್ಮನಿರಲಾಗದು. ಮನೆಯ ಪ್ರತಿಯೊಬ್ಬರ ಹೆಸರನ್ನೂ ಆಧಾರ್ ಚೀಟಿಯಲ್ಲಿರುವಂತೆಯೇ ಎಲ್ಲೆಡೆ ಬರೆಸಬೇಕು. ಕೌಂಟರಿನಲ್ಲಿ ಕೊಟ್ಟ ರೋಗಿಸಂಖ್ಯೆಯನ್ನು ಕಳೆಯದೆ ಮುಂದಿನ ಸಲವೂ ತೋರಿಸಬೇಕು. ಅವಸರದಲ್ಲಿ ಹೊಸ ಚೀಟಿ ಮಾಡಿಸಿದರೆ ಹೊಸ ಕಡತವೊಂದು ಹುಟ್ಟುತ್ತದೆ. ಒಗ್ಗದ ಔಷಧವನ್ನೂ ಬೇರೆಡೆ ಕೊಂಡು ನುಂಗುತ್ತಿರುವ ಗುಳಿಗೆಗಳನ್ನೂ, ನಾಟಿ ಮದ್ದನ್ನೂ ಸಹ, ಪ್ರತಿ ಸಲ ಬಾಯಿಬಿಟ್ಟು ಹೇಳಬೇಕು. ಚಿಕಿತ್ಸಾಲಯದವರು ತಂತ್ರಾಂಶ ಬದಲಿಸಿದ್ದೇವೆಂದಾಗ, ನಮ್ಮ ಕಡತದಲ್ಲಿ ಏನಿದೆಯೆಂಬುದನ್ನು ಒಮ್ಮೆ ಓದಿಹೇಳಿ ಎಂದು ಕೇಳುವುದು ಅವಿನಯವಲ್ಲ, ಅದು ರೋಗಿಯ ಹಕ್ಕು. ಮುಖ್ಯವಾದ ವರದಿಗಳ ಒಂದು ಪ್ರತಿಯನ್ನು ಮನೆಯಲ್ಲಿ ಒಂದೇ ಕಡೆ ಜೋಡಿಸಿಡಬೇಕು. ಮನೆಯ ಹೆಣ್ಣುಮಕ್ಕಳು ಎಲ್ಲರದನ್ನೂ ಜೋಡಿಸಿ ತಮ್ಮದನ್ನೇ ಮರೆಯುವುದುಂಟು, ಅದಾಗಬಾರದು.

ಕೊನೆಯದಾಗಿ, ಹೇಳಿದ ದಿನ ಹೋಗಲಾಗದಿದ್ದರೆ ಒಂದು ಕರೆ ಮಾಡಿ ತಿಳಿಸಬೇಕು. ಅವರಾಗಿ ಕರೆದರೆ ಹಣ ಕೀಳಲು ಕರೆಯುತ್ತಾರೆಂದು ಭಾವಿಸದೆ, ಏಕೆ ಕರೆದರೆಂದು ವೈದ್ಯರನ್ನೇ ಕಂಡು ಕೇಳಬೇಕು. ಚಿಕಿತ್ಸಾಲಯ ನಡೆಸುವ ನಮ್ಮ ಬಂಧುಗಳಲ್ಲಿ ನಮ್ಮ ವಿನಂತಿಯೂ ಒಂದೇ. ಪುಸ್ತಕಗಳನ್ನು ಕೂಡಿಸಿದ ಮೇಲೆ ವಾರಕ್ಕೊಮ್ಮೆಯಾದರೂ ಬರಬೇಕಾಗಿದ್ದು ಬಾರದವರ ಪಟ್ಟಿಯನ್ನು ತೆಗೆಸಿ, ತಾವೇ ಓದಿ, ಹೇಳಿಕಳುಹಿಸಿ. ಆ ಪಟ್ಟಿಯಲ್ಲಿರುವ ಹೆಸರು ಯಾರೋ ಒಬ್ಬರ ತಾಯಿಯದು.